ರೊಟ್ಟಿಯ ಸಪ್ಪಳಕ್ಕೆ ತಕ್ಕ ಸ್ಪೀಕರು

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹತ್ತದೆ ಬಿಡುವುದಿಲ್ಲ. ನಮ್ಮ ಶಾಲೆಯ ಗಣಿತದ ಮಾಸ್ತರರು ಹೋಮಿಯೋಪಥಿ ಪುಸ್ತಕ ತರಿಸಿಕೊಂಡು ಸಿಕ್ಕಸಿಕ್ಕವರ ನಾಲಗೆ ನೋಡತೊಡಗಿದರು. ಹೆಡ್‌ಮಾಸ್ತರರು ಗುಲಾಬಿ ಗಿಡಗಳಿಗೆ ಮರುಳಾದರು. ನನಗೆ ಹತ್ತಿದ್ದು ಸ್ಪೀಕರಿನ ಹುಚ್ಚು. ನಮ್ಮ ನವಲಗುಂದದ ಕಡೆ ಸ್ಪೀಕರಿನ ಯೋಗ್ಯತೆಯನ್ನು ಅದು ಎಷ್ಟು ಓಣಿಗೆ ಕೇಳಿಸುತ್ತದೆ ಎಂಬುದರ ಮೇಲೆ ಅಳೆಯುತ್ತಾರೆ. ನನಗೆ ಬೇಕಾದದ್ದು ಮೇಜಿನ ಮುಂದೆ ಕೂತ ಒಬ್ಬನಿಗಷ್ಟೇ ನೆಟ್ಟಗೆ ಕೇಳಿಸುವ, ಸ್ಟುಡಿಯೋ ಮಾನಿಟರು ಎಂದು ಕರೆಯುವ ಸಣ್ಣ ಸ್ಪೀಕರುಗಳು. ಇವು ಹಾಡನ್ನು ಸಿಂಗರಿಸುವುದಿಲ್ಲವಂತೆ, ಇದ್ದದ್ದನ್ನು ಇದ್ದ ಹಾಗೇ ಒಪ್ಪಿಸುತ್ತವಂತೆ. ಗದ್ದಲ ಮಾಡಿದವರನ್ನು ಮುಲಾಜಿಲ್ಲದೆ ಹಿಡಿದುಕೊಡುವ ನಮ್ಮ ಏಳನೆಯ ತರಗತಿಯ ಮಾನಿಟರ್ ಹುಡುಗಿಯಂಥವೇ ಎಂದುಕೊಂಡೆ.

ಭಜನಾ ಮಂಡಳಿಯವರ ಹಾಡುಗಳನ್ನು ರೆಕಾರ್ಡ್ ಮಾಡಿ ಹಸನು ಮಾಡಿಕೊಡುವುದು ನನ್ನ ಹವ್ಯಾಸ. ಅದಕ್ಕಾಗಿಯೇ ಸ್ಪೀಕರು ಬೇಕು ಎಂದು ಮನೆಯಲ್ಲೂ ಶಾಲೆಯಲ್ಲೂ ಹೇಳಿಕೊಂಡು ತಿರುಗಿದೆ. ಅದು ಅರ್ಧ ನಿಜ. ಉಳಿದರ್ಧವನ್ನು ನಿಮಗೆ ಮಾತ್ರ ಹೇಳುತ್ತೇನೆ: ನನಗೆ ರೊಟ್ಟಿ ಬಡಿಯುವ ಸಪ್ಪಳ ಬೇಕಾಗಿತ್ತು. ನನ್ನ ಹೆಂಡತಿ ಗಿರಿಜಾಳ ಬಲಭುಜ ಹಿಡಿದುಕೊಂಡು ವರ್ಷವಾಗುತ್ತ ಬಂತು. ಡಾಕ್ಟರು ಮೊದಲು ಬಿಡಿಸಿದ್ದೇ ರೊಟ್ಟಿ ಬಡಿಯುವುದನ್ನು. ಅಂದಿನಿಂದ ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವವರ ಮನೆಯಿಂದ ತರುತ್ತೇನೆ. ಹೊಟ್ಟೆಗೆ ಕೊರತೆಯಿಲ್ಲ, ಆದರೆ ಮುಂಜಾನೆ ಮನೆ ಮೂಕಾಗಿ ಹೋಗಿದೆ. ಮದುವೆಯಾದಾಗಿನಿಂದ ನಾನು ಅಲಾರಾಂ ಇಟ್ಟವನಲ್ಲ. ಮೊದಲು ಸಾವಕಾಶ, ರೊಟ್ಟಿ ಅಗಲವಾದಂತೆ ಬೇಗಬೇಗ, ಕೊನೆಗೆ ಹಂಚಿಗೆ ಹಾಕುವ ಮುಂಚೆ ಒಂದು ಗಳಿಗೆ ನಿಲ್ಲುವ ಆ ತಟತಟ ಕೇಳಿಯೇ ಏಳುತ್ತಿದ್ದೆ. ಆ ನಿಂತ ಗಳಿಗೆಯಲ್ಲಿ ಅವಳು ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುವ ಸಣ್ಣ ಸದ್ದು. ಅದಿಲ್ಲದೆ ನನಗೆ ಬೆಳಗಾದಂತೆಯೇ ಅನಿಸುವುದಿಲ್ಲ. ಇದನ್ನು ಹೆಂಡತಿಗೆ ಹೇಳುವುದು ಹೇಗೆ? "ಅಂದ್ರ ಈ ಕೈಲೇ ಮತ್ತ ಬಡೀಲೇನ್ರಿ?" ಎಂದು ಅವಳು ಕೇಳಿದರೆ ಮುಖ ಎಲ್ಲಿಡಲಿ?

ಪುಣ್ಯಕ್ಕೆ ಹಳೆಯ ರೆಕಾರ್ಡಿಂಗ್ ಒಂದಿತ್ತು. ಹಿಂದೊಮ್ಮೆ ಹೊಸ ಮೈಕಿನ ಪರೀಕ್ಷೆಗೆಂದು ಅದನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು ಮರೆತಾಗ ಗಿರಿಜಾಳ ಒಂದು ಮುಂಜಾನೆಯ ರೊಟ್ಟಿಯೆಲ್ಲ ಅದರಲ್ಲಿ ಸೇರಿಕೊಂಡಿತ್ತು. ಆದರೆ ಕಂಪ್ಯೂಟರಿನ ಜೊತೆ ಬಂದ ಡಬ್ಬಿ ಸ್ಪೀಕರಿನಲ್ಲಿ ಅದನ್ನು ಹಾಕಿದರೆ ಯಾರೋ ರಟ್ಟಿನ ಮೇಲೆ ಬೆರಳು ಕುಟ್ಟಿದಂತೆ ಕೇಳುತ್ತಿತ್ತು. ಹೀಗೆ ನಾನು ಸ್ಪೀಕರು ನೋಡಲು ಹುಬ್ಬಳ್ಳಿಯ ಬಸ್ಸು ಹತ್ತಿದ್ದು. ಭುಜ ತೋರಿಸುವುದಿತ್ತೆಂದು ಗಿರಿಜಾಳೂ ಬಂದಿದ್ದಳು.

ಅಂಗಡಿಯವನು ಎರಡು ಜೊತೆ ಇಟ್ಟು ತೋರಿಸಿದ. ಮೊದಲನೆಯದಕ್ಕೆ ಮುಂದೆಯೇ ದುಂಡನೆಯ ತೂತು. "ಬಾಸ್ ಕೇಳ್ರಿ ಸರ, ಎದಿ ನಡಗತೈತಿ" ಎಂದ. ನಾನು ಮೆಲ್ಲಗೆ ರೊಟ್ಟಿಯ ಸಪ್ಪಳವಿದ್ದ ನನ್ನ ಪೆನ್‌ಡ್ರೈವ್ ಕೊಟ್ಟೆ. ಗುಡುಂ ಗುಡುಂ ಎಂದಿತು. "ಯಾರರ ಅರಿವಿ ಒಗ್ಯಾಕತ್ತಾರೇನ್ರಿ?" ಎಂದಳು ಗಿರಿಜಾ. ಎರಡನೆಯ ಜೊತೆ ನೋಡಲು ಬಡಕಲು, ಸದ್ದೂ ಜೋರಿಲ್ಲ. ಆದರೆ ಕಲ್ಲಿನ ಮೇಲೆ ಹಿಟ್ಟು ಹರಡುವುದು, ಅಂಗೈ ಬೀಳುವುದು, ಕೊನೆಗೆ ಆ ಬಳೆ, ಎಲ್ಲ ಕೇಳಿತು. ಗಿರಿಜಾ ಕೌಂಟರ್ ಹಿಡಿದುಕೊಂಡು ನಿಂತುಬಿಟ್ಟಳು.

"ಇದು ನನ್ನ ಕೈ," ಎಂದಳು. ಮತ್ತಷ್ಟು ಕಿವಿಗೊಟ್ಟು, "ಹಿಟ್ಟಿಗೆ ಹಾಕಿದ ಎಸರು ಒಂಚೂರು ಕಡಿಮಿ ಆಗಿತ್ತು ಅವತ್ತ. ಯಾಕ ಇಟ್ಕೊಂಡೀರಿ ಇದನ್ನ?"

"ಮೈಕ್ ಪರೀಕ್ಷಾ ಮಾಡಾಕ," ಎಂದೆ. ನಂಬಿದಳೋ ಇಲ್ಲವೋ, "ಇದನ್ನ ತಗೋರಿ ಮತ್ತ" ಎಂದು ಹೊರಗೆ ಹೋಗಿ ನಿಂತಳು. ಅಂಗಡಿಯವನು ಡಬ್ಬಿ ಕಟ್ಟುತ್ತ, "ಇದಕ್ಕ ತೂತು ಹಿಂದ ಐತ್ರಿ ಸರ. ಗೋಡಿಗೆ ಹಚ್ಚಿ ಇಡಬ್ಯಾಡ್ರಿ, ಸಪ್ಪಳ ಗೋಡಿಗೆ ಇಳೀತೈತಿ" ಎಂದ. ತಲೆಯಾಡಿಸಿದೆ. ದಿನವಿಡೀ ಮಕ್ಕಳಿಗೆ ಸೂಚನೆ ಕೊಡುವವನಿಗೆ ಇನ್ನೊಬ್ಬರ ಸೂಚನೆ ಕಿವಿಗೆ ಇಳಿಯುವುದಿಲ್ಲ.

ಇಳಿದರೂ ಜಾಗವೆಲ್ಲಿತ್ತು? ನನ್ನ ಮೇಜು ಕಪಾಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿರುವಂಥದ್ದು. ಅದರ ಮೇಲೆ ಹಳೆಯ ಜಮಖಾನೆ ಮಡಚಿ ಹಾಸಿ ಸ್ಪೀಕರು ಕೂರಿಸಿದೆ. ಅವುಗಳ ಬೆನ್ನು ಗೋಡೆಗೆ ಅಂಟಿತು. ಗೋಡೆಯ ಆಚೆ ನೀಲವ್ವನ ಮನೆ. ದಿನಾ ಮುಂಜಾನೆ ಗಿರಿಜಾ ಹಿತ್ತಲಿನ ಬಚ್ಚಲಿಗೆ ಹೋದ ಕೂಡಲೇ ನಾನು ಆ ರೆಕಾರ್ಡಿಂಗ್ ಹಾಕಿ ಮೇಜಿನ ಮುಂದೆ ಕಣ್ಣುಮುಚ್ಚಿ ಕೂಡುತ್ತಿದ್ದೆ. ಆ ಹೊತ್ತಿಗೆ ಮನೆ ಮತ್ತೆ ನನ್ನ ಮನೆಯಾಗುತ್ತಿತ್ತು.

ಹೀಗೇ ಸುಖವಾಗಿರುವಾಗ ಒಂದು ದಿನ ಗಿರಿಜಾ ನೀಲವ್ವನ ಮನೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. ನೀಲವ್ವನ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ನಮ್ಮಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿದುಕೊಡುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಯಾರೂ ಮರೆಯುವುದಿಲ್ಲ. ಭುಜ ನೋವೆಂದು ಗಿರಿಜಾ ಮೊದಲೇ ಹೇಳಿದ್ದಳು. ಅಂದು ರೊಟ್ಟಿ ಬಡಿಯಲು ಕೂಡಿದ್ದ ಹೆಂಗಸರೆಲ್ಲರ ಮುಂದೆ ನೀಲವ್ವ ಅಂದಿದ್ದಳಂತೆ: "ದಿನಾ ಮುಂಜಾನಿ ಗೋಡಿ ಆಚೀಕ ತಟತಟ ಬಡೀತೀಯಲ್ಲಬೇ. ಗಂಡಗಂದ್ರ ಕೈ ಏಳತಾವು, ನಮಗಂದ್ರ ಏಳೂದಿಲ್ಲೇನು?"

"ಇಷ್ಟು ವರ್ಷ ಕರದವರ ಮನಿಗೆಲ್ಲಾ ಹೋಗಿ ಬಡದೀನ್ರಿ," ಎಂದಳು ಗಿರಿಜಾ. "ಇವತ್ತ ನಾ ಸುಳ್ಳಬುರಕಿ ಆದ್ನಿ. ಯಾವ ಸಪ್ಪಳಾ ಕೇಳ್ಯಾರೋ, ನನಗ ತಿಳೀವಲ್ದು."

ನನಗೆ ತಿಳಿಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚಪ್ಪಲಿ ಮೆಟ್ಟದೆ ಪಕ್ಕದ ಮನೆಗೆ ಹೋಗಿ, "ಅಕ್ಕಾರ, ಎಲ್ಲಾರೂ ಒಂದ್ನಿಮಿಷ ನಮ್ಮನಿಗೆ ಬರ್ರಿ" ಎಂದೆ. ಹಿಟ್ಟಿನ ಕೈಯಲ್ಲೇ ಬಂದರು. ನಾನು ಗುಂಡಿ ಒತ್ತಿದೆ. ತಟತಟ ಶುರುವಾದದ್ದೇ ನೀಲವ್ವ ಸೀದಾ ಅಡುಗೆಮನೆಗೆ ನಡೆದಳು! ಅಲ್ಲಿ ಯಾರೂ ಇಲ್ಲದ್ದು ಕಂಡು ಹೊರಬಂದು ಮೇಜಿನ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಎಲ್ಲರೂ ಸುಮ್ಮನೆ ನಿಂತು ಕೇಳಿದರು. "ಅಗದಿ ಗಿರಿಜವ್ವನ ಕೈನ," ಎಂದಳೊಬ್ಬಳು. "ಹಿಟ್ಟಿಗೆ ಜಿಗಿ ಚಲೋ ಐತಿ," ಎಂದಳು ಇನ್ನೊಬ್ಬಳು. ಸ್ಪೀಕರಿನ ಸುದ್ದಿ ಯಾರೂ ಎತ್ತಲಿಲ್ಲ. ಸ್ಪೀಕರಿಗೆ ಇದಕ್ಕಿಂತ ದೊಡ್ಡ ಶಿಫಾರಸು ನಾನು ಎಲ್ಲಿಯೂ ಓದಿಲ್ಲ.

ನೀಲವ್ವ ಗಿರಿಜಾಳ ಎಡಗೈ ಹಿಡಿದುಕೊಂಡಳು. "ತಪ್ಪಾತಬೇ. ನೀ ಬಡೀಬ್ಯಾಡ, ಬಂದು ಬಾಜೂಕ ಕುಂಡ್ರು, ಅಷ್ಟ ಸಾಕು." ಆಮೇಲೆ ನನ್ನ ಕಡೆ ತಿರುಗಿ, "ಏನ್ರಿ ಮಾಸ್ತರ್ರ, ಹೇಣ್ತಿ ಮನ್ಯಾಗ ಇರೂವಾಗ ಆಕೀ ಸಪ್ಪಳಾ ಕದ್ದು ಕೇಳತೀರಲ್ಲ!" ಎಂದು ನಕ್ಕಳು. ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ಹೋದರು. ಈಗ ಓಣಿಯಲ್ಲಿ ನನ್ನನ್ನು ಕಂಡಾಗಲೆಲ್ಲ ಹಚ್ಚಿಕೊಳ್ಳುತ್ತಾರೆ.

ಅವರು ಹೋದ ಮೇಲೆ ಗಿರಿಜಾ ಮೇಜಿನ ಹತ್ತಿರ ಬಂದು ಕೂತಳು. "ನನಗ ಹೇಳಬಾರದೇನ್ರಿ? ತಂದ ರೊಟ್ಟೀನ ನಿಮಗ ರುಚಿ ಹತ್ಯಾವು, ನನ್ನವು ಮರತೀರಿ ಅನ್ಕೊಂಡಿದ್ನಿ," ಎಂದಳು. "ಮುಂಜಾನಿ ಆತಂದ್ರ ನನಗೂ ಕೈ ತಡೀವಲ್ವು." ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂಸಿನಂತೆ ಸವರಿದಳು. "ಹಂಗಾದ್ರ ನಾ ಬಡೀತೀನಿ, ನೀ ಹೇಳಿಕೊಡು," ಎಂದುಬಿಟ್ಟೆ.

ರವಿವಾರ ನಾನು ಹಿಟ್ಟಿನ ಮುಂದೆ ಕೂತೆ. ಅವಳು ಹುರುಪಿನಿಂದ ಮೈಕನ್ನು ತಾನೇ ತಂದು ಬಾಗಿಲಲ್ಲಿಟ್ಟಳು. ಮೊದಲ ರೊಟ್ಟಿ ಹಂಚಿಗೆ ಮುಟ್ಟುವ ಮೊದಲೇ ಹರಿಯಿತು, ಎರಡನೆಯದು ಕಲ್ಲು ಬಿಟ್ಟು ಏಳಲಿಲ್ಲ. ಬೆವರೊರೆಸಿಕೊಂಡು ಇಬ್ಬರೂ ಮೇಜಿನ ಮುಂದೆ ಕೂತೆವು. ಗಿರಿಜಾ ಕಣ್ಣುಮುಚ್ಚಿ ನನ್ನ ರೊಟ್ಟಿಯ ಸಪ್ಪಳವನ್ನು ಮೊದಲಿನಿಂದ ಕೊನೆಯವರೆಗೂ ಕೇಳಿದಳು. ಕಣ್ಣು ತೆರೆದು, ಬಹಳ ಕಕ್ಕುಲಾತಿಯಿಂದ ಕೇಳಿದಳು:

"ರೀ, ಆ ಗುಡುಂ ಗುಡುಂ ಅಂತಿದ್ದ ಇನ್ನೊಂದು ಜೋಡಿ ಸ್ಪೀಕರ್ ಅಂಗಡ್ಯಾಗ ಇನ್ನೂ ಇರಬಹುದೇನ್ರಿ?"