ಕಿಲೆಲೆಶ್ವಾದಲ್ಲಿ ಮೆಕ್ಸಿಕೋದ ರ‍್ಯಾಪ್

ಅನುಮಾನ ಪಡುವುದರಲ್ಲಿ ನನ್ನಷ್ಟು ಶ್ರದ್ಧೆಯುಳ್ಳ ತಂದೆ ಇಡೀ ನೈರೋಬಿಯಲ್ಲಿ ಇನ್ನೊಬ್ಬನಿರಲಾರ. ಹದಿನೈದು ವರ್ಷದ ಮಗಳು ನಕ್ಕರೆ ಯಾರನ್ನು ನೆನೆದು ನಕ್ಕಳು ಎಂದು ಯೋಚಿಸುತ್ತೇನೆ. ನಗದಿದ್ದರೆ ಯಾರಿಂದಾಗಿ ನಗಲಿಲ್ಲ ಎಂದು ಯೋಚಿಸುತ್ತೇನೆ. ಹೀಗಿರುವಾಗ ಕಳೆದ ವರ್ಷ ಅವಳು ನಗುವುದನ್ನೂ ಮಾತನಾಡುವುದನ್ನೂ ಒಟ್ಟಿಗೇ ಬಿಟ್ಟಳು. ಶಾಲೆಯಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಮೆಕ್ಸಿಕೋದ ರ‍್ಯಾಪ್ ಕೇಳತೊಡಗಿದಳು. ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಗೋಡೆಗಳು ತೆಳು. ಆಚೆ ಗಡಸು ದನಿಯವನೊಬ್ಬ ಉಸಿರು ತೆಗೆದುಕೊಳ್ಳದೆ ಸ್ಪ್ಯಾನಿಷ್‌ನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದರೆ, ಈಚೆ ನಾನು ಕಾಫಿ ಲೋಟ ಹಿಡಿದು ಕಿವಿಗೊಟ್ಟು ನಿಂತಿರುತ್ತಿದ್ದೆ. ಮಗಳಿಗೆ ಇಂಚರ ಎಂದು ಹೆಸರಿಟ್ಟವನು ನಾನೇ. ಹಕ್ಕಿಯ ದನಿಯ ಆಸೆಯಿಂದ ಇಟ್ಟಿದ್ದೆ.

ಈ ಹಾಡುಗಾರರು ಯಾರೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಕತ್ತಿನವರೆಗೂ ಹಚ್ಚೆ, ಎದೆಯ ಮೇಲೆ ದಪ್ಪ ಸರ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಹೆಂಡತಿ ಸುಮಾಳನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, "ಹಚ್ಚೆ ಹಾಕಿಸ್ಕೊಂಡೋರೆಲ್ಲಾ ಕೆಟ್ಟೋರಾ? ನಿಮ್ಮಜ್ಜಿ ಮೊಣಕೈ ತನಕ ಹಾಕಿಸ್ಕೊಂಡಿರ್ಲಿಲ್ವೇನ್ರೀ?" ಎಂದು ಅಡುಗೆಮನೆಗೆ ಹೋದಳು. ಅಜ್ಜಿಯ ವಿಷಯ ಬಂದ ಮೇಲೆ ನನ್ನ ವಾದ ಮುಂದುವರಿಯುವುದಿಲ್ಲ.

ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನಲ್ಲಿ ಕುಡಿಯುವ ನೀರಿನ ಯೋಜನೆಗಳನ್ನು ನೋಡಿಕೊಳ್ಳುವವನು ನಾನು. ಅಲ್ಲಿ ಅರ್ತುರೋ ಎಂಬ ಮೆಕ್ಸಿಕೋದ ಎಂಜಿನಿಯರ್ ಇದ್ದಾರೆ. ಐವತ್ತು ದಾಟಿದ ಗಂಭೀರ ಮನುಷ್ಯ. ಮಗಳು ದಿನಕ್ಕೆ ಹತ್ತು ಸಲ ಕೇಳುವ ಹಾಡಿನ ಸಾಲುಗಳನ್ನು ಪ್ರಿಂಟ್ ತೆಗೆದು, ಊಟದ ಹೊತ್ತಿನಲ್ಲಿ ಅವರ ಮುಂದಿಟ್ಟೆ. ತಮ್ಮ ದೇಶದಲ್ಲಿ ಊರಿಗೊಂದು ಬಗೆಯ ರ‍್ಯಾಪ್ ಇದೆ, ಇವನು ಮಾಂಟೆರ್ರೇ ನಗರದವನು, ಅಲ್ಲಿಯವರು ಹಳೆಯ ಕುಣಿತದ ಹಾಡುಗಳ ತಾಳವನ್ನೂ ಇದಕ್ಕೆ ಸೇರಿಸುತ್ತಾರೆ ಎಂದರು. ಆಮೇಲೆ ನಿಧಾನವಾಗಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿ ಬಂದೂಕೂ ಇಲ್ಲ, ಡ್ರಗ್ಸೂ ಇಲ್ಲ. ‘ನನ್ನ ಕೇರಿಯ ಗೆಳೆಯರು ಒಬ್ಬೊಬ್ಬರಾಗಿ ಹೊರಟುಹೋದರು, ಈಗ ಮೂಲೆಯ ದೀಪದ ಕಂಬಕ್ಕೇ ನಮಸ್ಕಾರ ಹೇಳುತ್ತೇನೆ’ ಅನ್ನುತ್ತಾನೆ, ಅಷ್ಟೆ." ನಿಜ ಹೇಳಬೇಕೆಂದರೆ, ನನಗೆ ಕೊಂಚ ನಿರಾಸೆಯೇ ಆಯಿತು. ಬೈಯಲು ಏನೂ ಸಿಗಲಿಲ್ಲವಲ್ಲ!

ಆ ಸಂಜೆ ಶಾಲೆಯಿಂದ ಅವಳನ್ನು ಕರೆತರುವಾಗ ದಾರಿಯುದ್ದಕ್ಕೂ ಜಾಮ್. ನನ್ನ ಹೊಸ ಪಾಂಡಿತ್ಯವನ್ನು ಪ್ರದರ್ಶಿಸಿದೆ. ಅವಳು ಪಕ್ಕದ ಮಟಾಟು ಬಸ್ಸಿನ ಕಿಟಕಿಗಳನ್ನೇ ನೋಡುತ್ತಾ, "ಐ ನೋ, ಅಪ್ಪ. ಹಿಮೆನಾ ಟೋಲ್ಡ್ ಮಿ ಎವೆರಿ ಲೈನ್," ಎಂದಳು.

ಹಿಮೆನಾ! ನಮ್ಮ ಮೇಲಿನ ಮಹಡಿಯಲ್ಲಿದ್ದ ಮೆಕ್ಸಿಕೋದ ಹುಡುಗಿ. ಆರು ವರ್ಷ ಇಬ್ಬರೂ ಒಂದೇ ಬೆಂಚು. ಜುಲೈನಲ್ಲಿ ಅವಳಪ್ಪನಿಗೆ ವರ್ಗವಾಗಿ ಮಾಂಟೆರ್ರೇಗೆ ಮರಳಿದರು. ಬೀಳ್ಕೊಡುಗೆಯ ದಿನ ಅವರ ಮನೆಯಲ್ಲಿ ಎರಡು ಲೋಟ ಟೀ ಕುಡಿದು ಬಂದವನು, ಮರುದಿನವೇ ಮರೆತಿದ್ದೆ.

"ಈಗ್ಲೂ ಮೆಸೇಜ್ ಮಾಡ್ತಾಳಾ?" ಎಂದೆ.

"ಫಸ್ಟ್ ಎವೆರಿ ಡೇ. ನೌ, ನೋ." ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: "ವಿ ಆರ್ ನಾಟ್ ಮೂವಿಂಗ್, ರೈಟ್?"

ನನ್ನ ಚೀಲದಲ್ಲಿ ಒಂಬತ್ತು ದಿನಗಳಿಂದ ಒಂದು ಕಾಗದವಿತ್ತು. ಮಾರ್ಚ್‌ನಲ್ಲಿ ವಿಯೆನ್ನಾಕ್ಕೆ ವರ್ಗ. ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸಬೇಕು, ಇಲ್ಲವಾದರೆ ಕೆಲಸವೇ ಇಲ್ಲ. ಹೇಳಿಬಿಟ್ಟೆ. ಅಳುತ್ತಾಳೆಂದುಕೊಂಡೆ, ಅಳಲಿಲ್ಲ.

"ಅಮ್ಮಂಗೆ ಗೊತ್ತಾ?" ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು.

"ಗೊತ್ತು."

"ಸೋ ಐ ಆಮ್ ದ ಲಾಸ್ಟ್."

ಅವಳು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಳು. ಜಾಮ್ ಇನ್ನೂ ಒಂದು ಗಂಟೆಯಿತ್ತು.

ಆ ಭಾನುವಾರ ಮಧ್ಯಾಹ್ನ ಪಂಗಾನಿ ಬಡಾವಣೆಯಿಂದ ಅವಳ ಸಹಪಾಠಿ ವಂಜಿರು ಬಂದಳು. ಇಬ್ಬರೂ ಬಾಲ್ಕನಿಯಲ್ಲಿ ಫೋನಿಟ್ಟುಕೊಂಡು, ಮೆಕ್ಸಿಕೋದ ತಾಳಕ್ಕೆ ತಮ್ಮದೇ ಸಾಲುಗಳನ್ನು ಕಟ್ಟಿದರು. ನಮ್ಮನ್ನು ಕೂರಿಸಿ ಕೇಳಿಸಿದರು. ವಂಜಿರುವಿನ ಪಾಲು ಸ್ವಾಹಿಲಿಯಲ್ಲಿ, ಇಂಚರಳದು ಇಂಗ್ಲಿಷಿನಲ್ಲಿ. ಶಾಲೆಯ ಗೇಟು, ಬಾಸ್ಕೆಟ್‌ಬಾಲ್ ಅಂಗಳ, ಮೇಲಿನ ಮಹಡಿಯ ಖಾಲಿ ಮನೆ, ಎಲ್ಲವೂ ಬಂದವು. ಕೊನೆಗೆ ಇಂಚರ ನನ್ನತ್ತ ತಿರುಗಿ, ಕೈಯಾಡಿಸುತ್ತಾ ಕನ್ನಡಕ್ಕೆ ಇಳಿದಳು:

"ಅಪ್ಪ ಹಾಕೋದು ಒಂದೇ ಸೈ,
ನಾನು ಹೇಳೋದು ಎಲ್ರಿಗೂ ಬೈ!"

ಸಹಿಗೆ ಸೈ ಎನ್ನುವುದು ಮೈಸೂರಿನ ಅವಳ ಅಜ್ಜಿಯ ಮಾತು. ವಂಜಿರು ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದಳು. ಸುಮಾ ಸೆರಗಿನಿಂದ ಮುಖ ಒರೆಸಿಕೊಂಡು, "ಪ್ರಾಸ ಚೆನ್ನಾಗಿದೆ ಕಣೇ," ಎಂದಳು. ಇಂಚರ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪ, ಇನ್ನೂ ಸೈನ್ ಮಾಡಿಲ್ಲ, ಅಲ್ವಾ?"

ಶುಕ್ರವಾರವೇ ಮಾಡಿ ಕಳಿಸಿದ್ದೆ.

"ಇನ್ನೊಂದ್ಸಲ ಹೇಳಮ್ಮ," ಎಂದೆ, "ಸರಿಯಾಗಿ ಕೇಳಿಸ್ಲಿಲ್ಲ."