ನಿಂಗಿ, ನಿಂಗ್ಯಾ, ನಿಹಾರಿಕಾ

ಪುಸ್ತಕ ಬರೆದವನಿಗೆ ಅವಮಾನ ಹೊಸದಲ್ಲ. ಆದರೆ ಒಂದೇ ಪುಸ್ತಕಕ್ಕೆ ಎರಡೆರಡು ಸಲ, ಅದೂ ನಡುವೆ ಮೂವತ್ತು ವರ್ಷ ಬಿಡುವು ಕೊಟ್ಟು ಅವಮಾನ ಮಾಡಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿದೆ. ಹಾಲು ತರಲು ಹೋದರೂ ಸರಿ, ಬಸ್ಸು ಹತ್ತಿದರೂ ಸರಿ, ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆದೇ ನಡೆಯುತ್ತದೆ.

ಮೊದಲು ನನ್ನ ಹಣೆಬರಹ ಹೇಳಿಬಿಡುತ್ತೇನೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳಿಗೆಂದು ನಾಲ್ಕು ಸಣ್ಣ ಪುಸ್ತಕ ಬರೆದೆ. ನಾಲ್ಕರಲ್ಲೂ ನಾಯಕಿ ನಿಂಗಿ ಎಂಬ ಎಂಟು ವರ್ಷದ ಹುಡುಗಿ. ಮೊದಲ ಪುಸ್ತಕದಲ್ಲಿ ಮನೆಯ ಎಮ್ಮೆ ಕಾಡಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಊರ ಗಂಡಸರೆಲ್ಲ ಹುಲಿ ತಿಂದಿತು ಎಂದು ಕೈಚೆಲ್ಲಿ ಕೂತಾಗ ನಿಂಗಿ ಒಬ್ಬಳೇ ಹೋಗಿ ಅದನ್ನು ಹುಡುಕಿ, ಅದರ ಬೆನ್ನ ಮೇಲೆ ಕೂತು ಊರಿಗೆ ಬರುತ್ತಾಳೆ. ಇದು ಕಟ್ಟುಕತೆಯಲ್ಲ. ನಿಂಗಿ ಅಂದರೆ ನನ್ನ ಅಕ್ಕ. ನಾನಾಗ ತೊಟ್ಟಿಲ ಕೂಸು. ಅವ್ವ ನೂರು ಸಲ ಹೇಳಿದ್ದನ್ನು ಕೇಳಿ ಬರೆದೆ.

ಅಕ್ಕ ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದಬಲ್ಲಳು, ಪುಸ್ತಕ ಓದಲಾರಳು. ಹಾಗಾಗಿ ತೆರೆಯ ಮೇಲಾದರೂ ಅವಳು ತನ್ನನ್ನು ತಾನು ಒಂದು ಸಲ ನೋಡಲಿ ಎಂಬುದೇ ನನ್ನ ಆಸೆ. ಮೂವತ್ತು ವರ್ಷದ ಹಿಂದೆ ಸಿನಿಮಾ ಮಾಡಿದವರು ನಿಂಗಿಯನ್ನು ನಿಂಗ್ಯಾ ಮಾಡಿದರು. ಹುಡುಗಿ ಒಬ್ಬಳೇ ಕಾಡಿಗೆ ಹೋದರೆ ಜನ ನಂಬುವುದಿಲ್ಲವಂತೆ. ನಿಂಗ್ಯಾನಿಗೆ ಒಂದು ನಾಯಿ ಕೊಟ್ಟರು, ಹೊಡೆಯಲು ಕಾಡಿನ ಮರ ಕದಿಯುವ ನಾಲ್ಕು ಜನ ನಾಟಾ ಕಳ್ಳರನ್ನು ಕೊಟ್ಟರು. ಅಕ್ಕ ಆ ಸಿನಿಮಾ ನೋಡಿ ಸುಮ್ಮನೆ ಮನೆಗೆ ಹೋದಳು. ಆ ಸಂಕಟ ನನ್ನ ಎದೆಯಲ್ಲಿ ಹಾಗೇ ಕೂತಿತ್ತು. ಈಗ ಅದೇ ಪುಸ್ತಕಗಳು ಟಿವಿಯಲ್ಲಿ ಧಾರಾವಾಹಿಯಾಗಿ ಬರುತ್ತಿವೆ.

ಯಾವ ಪಾಳಿ?

ಸಿನಿಮಾ ಬಂದ ವರ್ಷ ದಾಂಡೇಲಿಯ ಒಂದು ಸಭಾಗೃಹದಲ್ಲಿ ನಮ್ಮ ಕಾರ್ಮಿಕರಿಗೆಂದು ಪುಕ್ಕಟೆ ಆಟ ಇಟ್ಟಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಯಿತು. ಪಾಳಿ ಬದಲಿಗೆ ಕೂಗುವ ಕಾರ್ಖಾನೆಯ ಭೋಂಗಾ ಸಿನಿಮಾ ಮುಗಿಯಲಿ ಎಂದು ಕಾಯುತ್ತದೆಯೆ? ಎರಡು ಗಂಟೆಯ ಪಾಳಿಯವರು ಅರ್ಧಕ್ಕೇ ಎದ್ದು ಸೈಕಲ್ ಹತ್ತಿದರು. ಬೆಳಗಿನ ಪಾಳಿ ಮುಗಿಸಿದವರು ಬಂದು ಅದೇ ಬಿಸಿ ಕುರ್ಚಿಗಳಲ್ಲಿ ಕೂತು ಉಳಿದರ್ಧ ನೋಡಿದರು. ರಾತ್ರಿ ಪಾಳಿಯವರು ಮೊದಲಿನಿಂದ ಕೊನೆಯವರೆಗೂ ಹಾಜರಿದ್ದರು, ಗೊರಕೆ ಹೊಡೆಯುತ್ತ.

ಮೊನ್ನೆ ಚಹಾದಂಗಡಿಯಲ್ಲಿ ನನ್ನ ಇಬ್ಬರು ನಿವೃತ್ತ ಗೆಳೆಯರು ಧಾರಾವಾಹಿಯನ್ನೂ ಸಿನಿಮಾವನ್ನೂ ತೂಗಿ ನೋಡುತ್ತಿದ್ದರು.

"ಸಿನಿಮಾ ಅಂದ್ರ ಸಿನಿಮಾ. ಒಬ್ಬ ಹುಡುಗ, ಅವರವ್ವ, ಒಂದು ಎಮ್ಮಿ. ಟಿವಿದಾಗಿನಂಗ ಹೊಡದಾಟ ಇಲ್ಲ, ಬಡದಾಟ ಇಲ್ಲ" ಎಂದ ಮಧ್ಯಾಹ್ನದ ಪಾಳಿಯವ.

"ಹುಚ್ಚ ಅದೀಯೇನು? ಸಿನಿಮಾ ತುಂಬ ನಾಯಿ! ಕಳ್ಳರ್ನ ಅಟ್ಟಾಡಿಸಿ ಹೊಡಿಯೂದ ಕತಿ. ಅವ್ವ ಎಲ್ಲಿದ್ಲಲೇ ಅದರಾಗ?" ಎಂದ ಬೆಳಗಿನ ಪಾಳಿಯವ.

ಮೂವತ್ತು ವರ್ಷದಿಂದ ಇಬ್ಬರೂ ಅರ್ಧರ್ಧ ಸಿನಿಮಾ ಹೊತ್ತುಕೊಂಡು ಬದುಕಿದ್ದಾರೆ, ಒಬ್ಬನಿಗೂ ಕೊರತೆ ಅನಿಸಿಲ್ಲ. ನಾನು ನಡುವೆ ಬಾಯಿ ಹಾಕಿದೆ. "ಇಬ್ಬರದೂ ಬಿಡ್ರಿ. ಮೂಲ ಪುಸ್ತಕದಾಗ ಹುಡುಗನ ಇಲ್ಲ. ಅಲ್ಲಿರಾಕಿ ಒಬ್ಬಾಕಿ ಹುಡುಗಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ಕಚ್ಚಾಡುತ್ತಿದ್ದವರು ಆಗ ಮೊದಲ ಸಲ ಒಂದಾದರು.

"ಪಾಪ, ರಾತ್ರಿ ಪಾಳಿಯಾಗಿದ್ದಾ ಇಂವ. ನಿದ್ದಿಗಣ್ಣಾಗ ಹುಡುಗೀನ ಕಂಡಾನ."

ಬೆಳ್ಳಗಿನ ಎಮ್ಮೆ

ಧಾರಾವಾಹಿಗೆ ಕತೆ ಬರೆಯುವ ಒಬ್ಬ ಹೆಣ್ಣುಮಗಳು ಬೆಂಗಳೂರಿನಿಂದ ಹೋದ ವರ್ಷ ನಮ್ಮ ಮನೆಗೆ ಬಂದಿದ್ದಳು. ಕಾಳಿ ಹೊಳೆಯಲ್ಲಿ ರಬ್ಬರ್ ದೋಣಿ ಹತ್ತಿ ಆಡಿ, ಒದ್ದೆ ತಲೆಯಲ್ಲೇ ಬಂದು ಕೂತಳು. ನನ್ನ ಹೆಂಡತಿ ಒಗ್ಗರಣೆ ಅವಲಕ್ಕಿ ಕೊಟ್ಟಳು.

"ಸರ್, ನಿಮ್ಮ ಸಿನಿಮಾ ಮೂರು ಸಲ ನೋಡಿದೀನಿ. ಸೂಪರ್!"

"ಪುಸ್ತಕ ಓದಿರೇನ್ರಿ?"

"ಪುಸ್ತಕ ಎಲ್ಲೂ ಸಿಗಲಿಲ್ಲ ಸರ್."

ಒಳಗಿನಿಂದ ನಾಲ್ಕೂ ಪುಸ್ತಕ ತಂದು ಕೊಟ್ಟೆ. ಅಂಗೈ ಮೇಲಿಟ್ಟು ತೂಗಿ ನೋಡಿದಳು. "ಅಯ್ಯೋ, ಇಷ್ಟೇನಾ? ನಮಗೆ ಇನ್ನೂರು ಕಂತು ಬೇಕು ಸರ್" ಅಂದಳು. ನನಗೆ ಸಿಟ್ಟು ಬಂತು, ನುಂಗಿಕೊಂಡೆ. ಕೆಲಸ ಅವಳಿಂದ ಆಗಬೇಕಿತ್ತಲ್ಲ.

"ನಂದು ಒಂದ ಮಾತು ನಡಸಿಕೊಡ್ರಿ ತಂಗಿ. ಹುಡುಗಿ ಹುಡುಗೀನ ಇರ್ಲಿ."

"ಖಂಡಿತ ಸರ್! ಈಗ ಹೆಣ್ಣುಮಕ್ಕಳ ಕಥೆನೇ ಓಡೋದು."

ಅವಳು ಗೇಟು ದಾಟುವುದರೊಳಗೆ ನಾನು ಇಂದೂರಿಗೆ ಫೋನು ಹಚ್ಚಿದೆ. ಮುಂಡಗೋಡ ತಾಲೂಕಿನ ಆ ಊರಿಗೇ ಅಕ್ಕನನ್ನು ಕೊಟ್ಟಿದ್ದು. "ಅಕ್ಕಾ, ಈ ಸಲ ಟಿವಿದಾಗ ನೀನ ಬರ್ತಿ!" ಎಂದೆ. "ಬರೂಣಂತ ಬಿಡೋ. ನೀ ಉಂಡೀಯಿಲ್ಲೋ?" ಎಂದಳು ಅಕ್ಕ.

ತಿಂಗಳಾದ ಮೇಲೆ ಆ ಹೆಣ್ಣುಮಗಳ ಫೋನು ಬಂತು. "ಸರ್, ಕೊಟ್ಟ ಮಾತು ಉಳಿಸಿಕೊಂಡಿದೀನಿ. ಹುಡುಗಿ ಹುಡುಗಿಯಾಗೇ ಇದಾಳೆ. ಹೆಸರು ಮಾತ್ರ ನಿಹಾರಿಕಾ. ರಜಕ್ಕೆ ಬೆಂಗಳೂರಿಂದ ಕಾಡಿಗೆ ಬರ್ತಾಳೆ. ಹುಲಿ ಅವಳ ಜೊತೆ ಮಾತಾಡುತ್ತೆ. ಆಮೇಲೆ ಎಮ್ಮೆ ಬದಲು ಬಿಳಿ ಕುದುರೆ ಹಾಕಿದೀವಿ."

"ಎಮ್ಮಿ ಏನು ತಪ್ಪು ಮಾಡಿತ್ರಿ?"

"ತಪ್ಪಲ್ಲ ಸರ್, ಕಪ್ಪು ಬಣ್ಣ ಟಿವಿಯಲ್ಲಿ ಚೆನ್ನಾಗಿ ಕಾಣಲ್ಲ. ನಿಮ್ಮ ಕಡೆ ಬೆಳ್ಳಗಿರೋ ಎಮ್ಮೆ ಸಿಗುತ್ತಾ?"

ಬಾವನ ಬೆನ್ನು

ಒಂದು ದಿನ ಉಳವಿಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಜೋಯಿಡಾ ಕಡೆಯ, ನನ್ನದೇ ವಯಸ್ಸಿನ ಹೆಂಗಸು. ಯಾರದೋ ಮೊಬೈಲಿನಲ್ಲಿ ಧಾರಾವಾಹಿಯ ಹಾಡು ಕೇಳಿ ಮುಖ ಸಿಂಡರಿಸಿದಳು. "ಇದು ಬ್ಯಾಡ್ರಿ. ಹಳೇ ಸಿನಿಮಾನೇ ಚಲೋ" ಎಂದಳು.

ಬರೆದವನು ನಾನು ಎಂದು ಹೇಳಲಿಲ್ಲ. ಹೇಳಿ ಈವರೆಗೆ ಆದ ಲಾಭ ಅಷ್ಟಕ್ಕಷ್ಟೇ. "ಯಾಕ್ರೀ, ಏನು ಛಲೋ ಐತಿ ಅದರಾಗ?" ಎಂದು ಕೇಳಿದೆ.

"ಅದರಾಗ ನಮ್ಮ ಬಾವ ಇದಾರ್ರೀ. ನಮ್ಮ ಯಜಮಾನ್ರ ಅಣ್ಣ. ಊರ ಮಂದಿ ಎಮ್ಮಿ ಹುಡುಕಾಕ ಹೊಂಡ್ತಾರಲ್ಲ, ಆ ಗುಂಪಿನಾಗ ಎಡಗಡೆಯಿಂದ ಮೂರನೇಯವ್ರು."

ಆ ಸಿನಿಮಾವನ್ನು ಶಾಪ ಹಾಕುತ್ತಲೇ ಇಪ್ಪತ್ತು ಸಲ ನೋಡಿದವನು ನಾನು. "ಅಲ್ಲಿ ಒಬ್ಬರದೂ ಮುಖ ಕಾಣಂಗಿಲ್ರೀ. ಬರೇ ಬೆನ್ನು" ಎಂದೆ.

"ಹೌದ್ರೀ, ಬೆನ್ನೇ" ಎಂದಳು ಆಕೆ, ಸೆರಗು ಸರಿಮಾಡಿಕೊಳ್ಳುತ್ತ. "ಬಾವನ ಮುಂದ ತಲಿ ಎತ್ತಿ ನಿಲ್ಲೋ ಪದ್ಧತಿ ನಮ್ಮಲ್ಲಿ ಎಲ್ಲಿತ್ರಿ? ಒಂದೇ ಮನ್ಯಾಗ ಇಪ್ಪತ್ತು ವರ್ಷ ಇದ್ದು ನಾ ನೋಡಿದ್ದೂ ಬೆನ್ನೇ. ಮುಖ ತೋರಿಸಿದ್ರ ಗುರ್ತ ಸಿಗ್ತಿರ್ಲಿಲ್ಲ."

ಪರವಾನಗಿ

ಹಳಿಯಾಳದ ಕಡೆಯ ಒಂದು ಶಾಲೆಯವರು ವಾಚನಾಲಯ ತೆರೆಯಲು ನನ್ನನ್ನು ಕರೆದರು. ವಾಚನಾಲಯದಲ್ಲಿ ನನ್ನ ಪುಸ್ತಕ ಇರಲಿಲ್ಲ, ಆ ಮಾತು ಬಿಡಿ. ಮುಖ್ಯಾಧ್ಯಾಪಕರು ಹಾರ ಹಾಕಿ ಪರಿಚಯ ಮಾಡಿದರು. "ಮಕ್ಕಳೇ, ನೀವು ದಿನಾ ನೋಡೂ ನಿಹಾರಿಕಾನ ಕತಿ ಐತಲ್ಲ, ಅದನ್ನ ಇವರು ಪುಸ್ತಕದಾಗೂ ಬರದಾರ." ಚಪ್ಪಾಳೆಯೋ ಚಪ್ಪಾಳೆ.

ನಾನು ತಿದ್ದಲು ನಿಂತೆ. ಮೊದಲು ಪುಸ್ತಕ, ಆಮೇಲೆ ಸಿನಿಮಾ, ಈಗ ಧಾರಾವಾಹಿ ಎಂದು ಬೆರಳು ಮಡಚಿ ಹೇಳಿದೆ. ಮೂಲದಲ್ಲಿ ಕುದುರೆ ಇಲ್ಲ, ಎಮ್ಮೆ ಎಂದೆ. ಮಕ್ಕಳು ನಕ್ಕರು. ನಿಹಾರಿಕಾ ಅಲ್ಲ, ನಿಂಗಿ ಎಂದೆ. ಇನ್ನೂ ಜೋರಾಗಿ ನಕ್ಕರು. ಐದನೇ ಇಯತ್ತೆಯ ಒಬ್ಬ ಹುಡುಗಿ ಮಾತ್ರ ನಗದೆ ಗಂಭೀರವಾಗಿ ಕೈ ಎತ್ತಿದಳು. ನನಗೆ ಜೀವ ಬಂದಂತಾಯಿತು. ಒಬ್ಬಳಾದರೂ ಕೇಳಿಸಿಕೊಂಡಳಲ್ಲ!

"ಅಜ್ಜಾರ, ಅವ್ರ ಕತಿ ಹಿಂಗ ಕೆಡಿಸಾಕ ನೀವು ಟಿವಿಯವರ ಪರ್ಮಿಶನ್ ತಗೊಂಡೀರೇನ್ರಿ?"

ಅಕ್ಕನ ತೀರ್ಪು

ಇಷ್ಟೆಲ್ಲ ಆದ ಮೇಲೆ ನಾನು ಇಂದೂರಿಗೆ ಹೋದೆ. ಕೊಟ್ಟ ಮಾತು ಸುಳ್ಳಾಯಿತು ಎಂದು ಅಕ್ಕನ ಮುಂದೆ ಒಪ್ಪಿಕೊಳ್ಳಬೇಕಿತ್ತು. ಸಂಜೆ ಆರೂವರೆಗೆ ಅವಳ ಸೊಸೆಯಂದಿರು, ಓಣಿಯ ಹೆಂಗಸರು ಎಲ್ಲ ಟಿವಿ ಮುಂದೆ ಕೂತರು. ಅಕ್ಕ ಮೊರದಲ್ಲಿ ಶೇಂಗಾ ಸುಲಿಯುತ್ತ ಗೋಡೆಗೆ ಒರಗಿದ್ದಳು. ನಿಹಾರಿಕಾ ಕುದುರೆ ಮೇಲೆ ಬಂದಳು, ಹುಲಿಗೆ ಬುದ್ಧಿ ಹೇಳಿದಳು, ದಣಿವಾಯಿತೆಂದು ಡಬ್ಬಿಯ ಪುಡಿ ಕಲಸಿದ ಹಾಲು ಕುಡಿದಳು. ಪಕ್ಕದಲ್ಲೇ ಎಮ್ಮೆ ಇದ್ದಿದ್ದರೆ ಪುಡಿಯ ಜಾಹೀರಾತಿಗೆ ಅಡ್ಡಿಯಾಗುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಅಕ್ಕ ಶೇಂಗಾ ಸುಲಿಯುತ್ತಲೇ ಇದ್ದಳು. ನನಗೇ ತಡೆಯಲಾಗಲಿಲ್ಲ. "ನೋಡ್ದಿ ಅಕ್ಕಾ? ಅವರು ನಿನ್ನ ಗಂಡು ಮಾಡಿದ್ರು, ಇವರು ಬೆಂಗಳೂರಾಕಿ ಮಾಡಿದ್ರು. ನಿನ್ನ ಖರೆ ಕತಿ ಇರೂದು ಪುಸ್ತಕದಾಗ ಮಾತ್ರ!"

"ಪುಸ್ತಕದಾಗ ಏನೈತಿ?" ಎಂದು ಕೇಳಿದಳು ಅಕ್ಕ.

"ನಿನಗ ಗೊತ್ತಿಲ್ಲೇನು?"

"ನೀ ಯಾವಾಗ ಓದಿ ಹೇಳೀಯೋ ತಮ್ಮಾ?"

ಅಚ್ಚಾದ ವರ್ಷ ಕೊಟ್ಟ ಪ್ರತಿ ಅವಳ ಮನೆಯ ಗೋಡೆಯ ದೇವರ ಮಾಡದಲ್ಲಿತ್ತು. ಪ್ರತಿ ದೀಪಾವಳಿಗೆ ಕುಂಕುಮ ಹಚ್ಚಿ ಹಚ್ಚಿ ಹೊದಿಕೆ ಕೆಂಪಾಗಿತ್ತು. ಸಿನಿಮಾದವರಿಗೆ ಓದಿ ಹೇಳಿದ್ದೆ, ಸಭೆಗಳಲ್ಲಿ ಓದಿದ್ದೆ. ಓದು ಬಾರದ ಅಕ್ಕನಿಗೆ ಒಂದು ದಿನ ಓದಿ ಹೇಳಬೇಕು ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಸತ್ತುಹೋದೆ.

ಮರುದಿನ ಬೆಳಿಗ್ಗೆ, ಮತ್ತೆ ಶೇಂಗಾದ ಮೊರ ಮುಂದಿಟ್ಟುಕೊಂಡಿದ್ದ ಅವಳ ಎದುರು ಕೂತು ಮೊದಲ ಪುಸ್ತಕ ಪೂರ್ತಿ ಓದಿದೆ. ನಿಂಗಿ ಎಮ್ಮೆಯ ಮೇಲೆ ಕೂತು ಊರಿಗೆ ಬರುವ ಪುಟವನ್ನು ಎರಡು ಸಲ ಓದಿದೆ. ಅಕ್ಕ ಕೊನೆಯವರೆಗೂ ಕೇಳಿದಳು.

"ಛಲೋ ಬರದೀಯೋ. ಯಾರ ಕತಿ ಇದು?"

"ನಿಂದ ಅಕ್ಕಾ!"

"ನಂದ್ಯಾಕ ಆಕ್ಕೈತಿ? ನಾ ಎಮ್ಮಿ ಹುಡುಕಾಕ ಹೋಗೇ ಇರ್ಲಿಲ್ಲ."

"ಮತ್ತ ಅಡವ್ಯಾಗ ಯಾಕ ಹೋಗಿದ್ದಿ?"

"ನೀ ಹುಟ್ಟಿದ್ದಿ ನೋಡು, ನಿನ್ನ ತೊಟ್ಟಲಾ ತೂಗಾಕಂತ ನನ್ನ ಸಾಲಿ ಬಿಡಿಸಿದ್ರು. ಅಡವಿ ದಾಟಿದ್ರ ಹಳಿಯಾಳ, ಅಲ್ಲಿ ದೊಡ್ಡ ಸಾಲಿ ಐತಿ ಅಂತ ಕೇಳಿದ್ದೆ. ಬರಿಯೂ ಪಾಟಿ ತಗೊಂಡು ಮನಿ ಬಿಟ್ಟು ಓಡಿ ಹೊಂಟಿದ್ದೆ. ಹೊಳ್ಳಿ ನೋಡ್ತೇನಿ, ಎಮ್ಮಿ ಹಿಂದ ಬರಾಕ ಹತ್ತೈತಿ. ದಿನಾ ಮೇವು ಹಾಕಾಕಿ ನಾನ ಅಲ್ಲೇನು? ಹೋಗು ಅಂದ್ರ ಹೋಗವಲ್ದು, ಕಲ್ಲು ಒಗದ್ರೂ ಹೋಗವಲ್ದು. ನಾ ಎಮ್ಮಿ ಹುಡುಕಿಲ್ಲೋ, ಎಮ್ಮಿ ನನ್ನ ಹುಡುಕ್ಕೊಂಡು ಬಂತು."

ಸೊಸೆಯಂದಿರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

"ಹಂಗಾದ್ರ ಮನಿಗೆ ಯಾಕ ಹೊಳ್ಳಿ ಬಂದಿ?"

"ಅವ್ವಗ ಎದಿಹಾಲು ಬತ್ತಿತ್ತು. ಎಮ್ಮಿ ನನ್ನ ಸಂಗಾಟ ಹಳಿಯಾಳಕ್ಕ ಬಂದ್ರ ನೀ ಏನು ಕುಡೀತಿದ್ದಿ? ಅಷ್ಟೊತ್ತಿಗೆ ಕಾಲಾಗ ಮುಳ್ಳು ನಟ್ಟಿತ್ತು, ಎಮ್ಮಿ ಮ್ಯಾಲ ಕುಂತು ಬಂದೆ. ಮಗಳು ಓಡಿ ಹೋಗಿದ್ಲು ಅಂತ ಊರಾಗ ಹೇಳಾಕ ಆಕ್ಕೈತೇನು? ಎಮ್ಮಿ ಹುಡುಕಾಕ ಹೋಗಿದ್ಲು ಅಂತ ಅವ್ವನ ಹಬ್ಬಿಸಿದ್ಲು."

ಅಂದರೆ ನನ್ನ ಪುಸ್ತಕವೂ ಮೂಲವಲ್ಲ. ಅಕ್ಕನ ಕತೆಯನ್ನು ಮೊದಲು ತಿರುಚಿದ್ದು ಅವ್ವ, ಆಮೇಲೆ ನಾನು. ಸಿನಿಮಾದವರೂ ಟಿವಿಯವರೂ ಸಾಲಿನಲ್ಲಿ ನಮ್ಮ ಹಿಂದೆ ನಿಂತವರು. ಮೂವತ್ತು ವರ್ಷ ಯಾರಿಗೆ ಬೈದೆನೋ ಅವರೆಲ್ಲ ನನ್ನ ಬಳಗ. ತೊಟ್ಟಿಲಲ್ಲಿ ಮಲಗಿ ಅವಳ ಶಾಲೆ ಕಸಿದುಕೊಂಡವನೇ ಅವಳ ಹೆಸರಿನಲ್ಲಿ ನಾಲ್ಕು ಪುಸ್ತಕ ಬರೆದು ಸಾಹಿತಿಯಾಗಿದ್ದೆ. ಆದರೂ ಬರೆಯುವವನ ಹಾಳು ಚಟ ನೋಡಿ, ಕೇಳಿಯೇಬಿಟ್ಟೆ.

"ಅಕ್ಕಾ, ಮೂರರಾಗ ನಿನಗ ಯಾವ್ದು ಸೇರ್ತು?"

"ಸಿನಿಮಾ" ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ. "ಅದರಾಗ ಆ ಹುಡುಗ ಕಡೀಕ ಪಾಟಿ ಹಿಡಕೊಂಡು ಸಾಲಿಗೆ ಹೋಗ್ತಾನಲ್ಲ, ಅದನ್ನ ನೋಡಿ ಮನಿಗೆ ಬಂದು ಭಾಳ ಅತ್ತಿದ್ದೆ."

"ಮತ್ತ ನನ್ನ ಪುಸ್ತಕ?"

ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ತಮ್ಮನ ಮನಸ್ಸು ನೋಯಬಾರದೆಂದು ಬಹಳ ಯೋಚಿಸಿ ಹೇಳಿದಳು.

"ಪುಸ್ತಕದಾಗ ಎಮ್ಮಿ ಬರೋಬರಿ ಐತಿ."