ಮಲಗುವ ಕೋಣೆಯ ಬ್ರೇಕರ್ ಬಿದ್ದಿದ್ದು

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ತಿಪಟೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಬಡಗಿ ಬಾಗಿಲು ಕೂರಿಸಿ ಹೋದರೆ ನನ್ನ ಕಣ್ಣು ನೇರವಾಗಿ ಸಂದಿಗೇ ಹೋಗುತ್ತದೆ. ಗಾರೆಯವನು ಬಳಿದ ಗೋಡೆಯ ಮೇಲೆ ಕೈಯಾಡಿಸಿ ‘ಹುಂ’ ಎನ್ನುತ್ತೇನೆ. ಆ ಒಂದು ‘ಹುಂ’ ಕೇಳಿಸಿಕೊಂಡವನು ಮತ್ತೆ ನಮ್ಮ ಬೀದಿಗೆ ಬಂದದ್ದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಕೆಂಪು ಶಾಯಿಯ ಪೆನ್ನು ಹಿಡಿದು ಹಿಡಿದು ಬೆರಳಿಗೂ ಅದೇ ಬುದ್ಧಿ ಬಂದುಬಿಟ್ಟಿದೆ. ಇದರ ಜೊತೆಗೆ ನನಗೆ ತೆಂಗಿನಕಾಯಿ ಗೊತ್ತು. ಹೊನ್ನವಳ್ಳಿಯಲ್ಲಿ ಹುಟ್ಟಿದವನು ವಿಜ್ಞಾನ ಕಲಿಯದೆ ಬದುಕಬಹುದು, ಕಾಯಿ ಗೊತ್ತಿಲ್ಲದೆ ತಲೆಯೆತ್ತಿ ಓಡಾಡುವ ಹಾಗಿಲ್ಲ. ಗೆಣ್ಣಿನಿಂದ ಒಮ್ಮೆ ಬಡಿದು, ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ಇದು ಅಟ್ಟಕ್ಕೆ ಹೋಗಿ ಕೊಬ್ಬರಿಯಾಗುತ್ತದೋ ಸಾರಿಗೆ ಹೋಗುತ್ತದೋ ಎಂದು ನಾನು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅಪೀಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಹೊಸ ವೈರಿಂಗ್ ಆಯಿತು. ಹಳೆಯದು ನಮ್ಮಪ್ಪನ ಕಾಲದ್ದು, ಮರದ ಪಟ್ಟಿಯ ಮೇಲೆ ಮೊಳೆ ಹೊಡೆದು ಕೂರಿಸಿದ ವೈರು. ಮಲಗುವ ಕೋಣೆಯ ಸ್ವಿಚ್ ಹಾಕಲು ಹೋಗಿ ನನ್ನ ಹೆಂಡತಿ ಗಿರಿಜೆಗೆ ಶಾಕ್ ಹೊಡೆದ ದಿನ, ‘ಒಂದಾ ಈ ವೈರು ಇರ್ಬೇಕು, ಇಲ್ಲಾ ನಾನಿರ್ಬೇಕು ಕಣ್ರೀ’ ಎಂದಳು. ನಾನು ಯೋಚಿಸುವುದಕ್ಕೆ ಸ್ವಲ್ಪ ಸಮಯ ತೆಗೆದುಕೊಂಡದ್ದು ಅವಳಿಗೆ ಇವತ್ತಿಗೂ ನೆನಪಿದೆ. ಊರಿನ ಎಲೆಕ್ಟ್ರಿಷಿಯನ್ ಸಿದ್ದಲಿಂಗನನ್ನು ಕರೆಸಿದೆವು. ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡವನು ಬರೆಯಲು ಬಲ್ಲ ಎಂದು ಜನ ನಂಬುತ್ತಾರಲ್ಲ, ಆ ಜಾತಿಯ ಮನುಷ್ಯ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದೆ. ಫ್ಯೂಸುಗಳನ್ನೆಲ್ಲ ಕಿತ್ತು, ಮಲಗುವ ಕೋಣೆಗೆಂದೇ ಹೊಸ ಮಾದರಿಯ ಬ್ರೇಕರ್ ಒಂದನ್ನು ಪಡಸಾಲೆಯ ಗೋಡೆಗೆ ಕೂರಿಸಿದ. ‘ಮೇಷ್ಟ್ರೇ, ಕರೆಂಟು ಚೂರು ಸೋರುದ್ರೂ ಸಾಕು, ಇದು ಟಪ್ ಅಂತ ಬಿದ್ದೋಯ್ತದೆ. ಅಮ್ಮಾರಿಗೆ ಇನ್ನು ಶಾಕಿನ ಭಯ ಇಲ್ಲ ಬುಡಿ’ ಎಂದ. ಬೀಳುವ ವಿಷಯದಲ್ಲಿ ಅವನು ಹೇಳಿದ್ದು ಅಕ್ಷರಶಃ ನಿಜವಾಯಿತು.

ಹೋಗುವಾಗ ಒಂದು ಮಾತು ಹೇಳಿದ. ಕೋಣೆಯ ಮೇಲಿನ ಅಟ್ಟದಲ್ಲಿ ವೈರುಗಳ ಜಾಯಿಂಟ್ ಬಾಕ್ಸ್ ಇದೆ, ಅದರ ಮೇಲೆ ಕಾಯಿ ಪೇರಿಸಬೇಡಿ, ಒಂದು ಮೊಳ ಜಾಗ ಬಿಡಿ ಎಂದು. ಅಟ್ಟದಲ್ಲಿ ಒಂದು ಮೊಳ ಖಾಲಿ ಬಿಡು ಎನ್ನುವವನು ಈ ಸೀಮೆಯಲ್ಲಿ ಹುಟ್ಟಿದವನೇ ಅಲ್ಲ. ನಮ್ಮ ಕಡೆ ಮನೆ ಕಟ್ಟುವಾಗ ಮೊದಲು ಕಾಯಿಗೆ ಅಟ್ಟ ನೋಡುತ್ತಾರೆ, ಆಮೇಲೆ ಮನುಷ್ಯರಿಗೆ ಕೋಣೆ ನೋಡುತ್ತಾರೆ. ಮಾರನೆಯ ದಿನವೇ ಕೊಯ್ಲಿನಲ್ಲಿ ಮಿಕ್ಕಿದ್ದ ಕಾಯಿಗಳನ್ನು ಬಡಿದು, ಅಲ್ಲಾಡಿಸಿ, ಆರಿಸಿ, ನಾನೇ ಏಣಿ ಹತ್ತಿ ಆ ಮೊಳ ಜಾಗವನ್ನು ತುಂಬಿದೆ. ಕೆಳಗೆ ಏಣಿ ಹಿಡಿದಿದ್ದ ಗಿರಿಜೆ, ‘ಅವು ಇನ್ನೂ ಬಲ್ತಿಲ್ಲ ಕಣ್ರೀ, ಸಿಪ್ಪೆ ನೋಡಿ ಹೆಂಗೈತೆ’ ಎಂದಳು. ನಾನು ‘ಹುಂ’ ಎಂದೆ.

ಒಂದೆರಡು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಬ್ರೇಕರ್ ಬೀಳಲು ಶುರುವಾಯಿತು. ಫ್ಯಾನ್ ಹಾಕಿದರೆ ಟಪ್. ಫ್ಯಾನ್ ಬಿಟ್ಟು ದೀಪ ಹಾಕಿದರೆ ಟಪ್. ರೇಡಿಯೋ ಕಿತ್ತೆ, ಬಲ್ಬು ಬಿಚ್ಚಿದೆ, ಇಸ್ತ್ರಿಪೆಟ್ಟಿಗೆಯನ್ನು ಪಡಸಾಲೆಗೆ ಗಡೀಪಾರು ಮಾಡಿದೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂತರೂ ಟಪ್. ಸಿದ್ದಲಿಂಗ ಮೂರು ಸಲ ಬಂದ. ಮೊದಲ ಸಲ ಸ್ವಿಚ್ ಬೋರ್ಡು ಬಿಚ್ಚಿ ನೋಡಿದ. ಎರಡನೆಯ ಸಲ ಬ್ರೇಕರನ್ನೇ ಬದಲಾಯಿಸಿದ. ಹೊಸದು ಹಳೆಯದಕ್ಕಿಂತ ಚುರುಕಾಗಿ ಬಿತ್ತು. ಮೂರನೆಯ ಸಲ ತಲೆ ಕೆರೆದುಕೊಂಡು, ‘ಅಟ್ಟದ ಬಾಕ್ಸ್ ಒಂದು ನೋಡ್ಬೇಕು ಮೇಷ್ಟ್ರೇ. ಕಾಯಿ ಸ್ವಲ್ಪ ಸರಿಸ್ಲಾ?’ ಎಂದ. ಕೊಬ್ಬರಿಗೆ ಕೂತ ಕಾಯಿಯನ್ನು ಒಳಗಿನ ತಿರುಳು ಒಣಗಿ, ಗಿಟುಕಾಗಿ ಕಳಚಿ ಗಡಗಡ ಎನ್ನುವ ತನಕ ಕದಲಿಸಬಾರದು ಎನ್ನುವುದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು. ‘ನಿನ್ನ ಕೈಲಾಗದ್ದಕ್ಕೆ ನನ್ನ ಕಾಯಿ ಮೇಲೆ ಯಾಕಪ್ಪ ಕಣ್ಣು?’ ಎಂದು ಕೇಳಿದೆ. ಅವನು ಚೀಲ ಎತ್ತಿಕೊಂಡು ಸೈಕಲ್ ಹತ್ತಿದ.

ಇಷ್ಟರಲ್ಲಿ ಕೋಣೆಯಲ್ಲಿ ಒಂದು ಹುಳಿ ವಾಸನೆ ಬೇರೆ ಸೇರಿಕೊಂಡಿತು. ಕಳಪೆ ವೈರು ಬೇಯುವ ವಾಸನೆ ಎಂದು ನಾನು ವಿವರಿಸಿದೆ. ವೈರಿನ ಮೇಲು ಹೊದಿಕೆಯ ರಾಸಾಯನಿಕ ಗುಣಗಳನ್ನೂ ಎರಡು ಮಾತಿನಲ್ಲಿ ಹೇಳಿದೆ. ‘ಕೊಳೆತ ಕಾಯಿ ವಾಸ್ನೆ ಇದು’ ಎಂದು ಗಿರಿಜೆ ಒಂದೇ ಮಾತಿನಲ್ಲಿ ಮುಗಿಸಿದಳು. ವಿಜ್ಞಾನ ಓದದವರ ಜೊತೆ ವಾದ ಮಾಡಬಾರದೆಂದು ನಾನು ಸುಮ್ಮನಾದೆ.

ಮನೆಯೊಳಗೆ ಸುಮ್ಮನಾದವನು ಹೊರಗೆ ಸುಮ್ಮನಿರಲಿಲ್ಲ ಎನ್ನುವುದೇ ಈ ಕಥೆಯ ಕೆಟ್ಟ ಭಾಗ. ನಮ್ಮ ಶಾಲೆಗೆ ಹೊಸದಾಗಿ ಕಟ್ಟಿದ ಕೊಠಡಿಗಳ ವೈರಿಂಗನ್ನು ಸಿದ್ದಲಿಂಗನಿಗೆ ಕೊಡಬೇಕೆಂದಿದ್ದರು. ಅವನು ಅದುವರೆಗೆ ಕಂಡ ಕೆಲಸಗಳಲ್ಲೆಲ್ಲ ದೊಡ್ಡದು ಅದು; ಅದನ್ನು ನೆಚ್ಚಿಕೊಂಡು ಬೇರೆ ಊರಿನ ಎರಡು ಮನೆ ಕೆಲಸ ಬಿಟ್ಟಿದ್ದ. ಹೆಡ್ಮಾಸ್ಟರು ನನ್ನನ್ನು ಕರೆದು, ‘ನೀವು ಸೈನ್ಸಿನವರು, ಹೇಗೆ ಅವನ ಕೆಲಸ?’ ಎಂದು ಕೇಳಿದರು. ‘ಟಾರ್ಚಿಗೆ ಸೆಲ್ ಹಾಕೋದಕ್ಕೂ ಅವನನ್ನ ಕರೀಬಾರದು ಸಾರ್’ ಎಂದೆ. ಅವರು ನಕ್ಕರು. ನನಗೆ ನನ್ನ ಮಾತು ಬಹಳ ಹಿಡಿಸಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಅದನ್ನೇ ಇನ್ನೂ ನಾಲ್ಕು ಜನಕ್ಕೆ ಹೇಳಿದೆ. ಕೆಲಸ ಅವನ ಕೈತಪ್ಪುವ ಹಾಗಾಯಿತು. ಶಾಲೆಯ ಗೇಟಿನ ಹತ್ತಿರ ಎದುರಾದಾಗ ಸಿದ್ದಲಿಂಗ ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಮಧ್ಯಾಹ್ನ ಮಂಚದ ಮೇಲೆ ಎಂಟನೇ ಕ್ಲಾಸಿನ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದೆ. ವಿದ್ಯುತ್ ಹರಿಯಬಿಡುವ ದ್ರವವೊಂದನ್ನು ಹೆಸರಿಸಿ ಎಂಬ ಪ್ರಶ್ನೆಗೆ ಒಬ್ಬ ‘ತೆಂಗಿನಕಾಯಿ ನೀರು’ ಎಂದು ಬರೆದಿದ್ದ. ಉಪ್ಪುನೀರು ಎಂದು ನಾನು ಬರೆಸಿದ್ದ ನೋಟ್ಸಿನಲ್ಲಿ ಇದು ಇರಲಿಲ್ಲ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ನಿನ್ನ ತಲೆ’ ಎಂದು ಬರೆದೆ. ಶಾಯಿ ಆರುವ ಮೊದಲು ಮೇಲಿನಿಂದ ತೊಟ್ಟೊಂದು ಬಂದು ನನ್ನ ಬೋಳು ನೆತ್ತಿಯ ಮೇಲೆ ಬಿತ್ತು. ಒರೆಸಿ ಮೂಸಿದೆ, ಅದೇ ಹುಳಿ ವಾಸನೆ. ಪಡಸಾಲೆಯಲ್ಲಿ ಟಪ್ ಎಂದಿತು.

ಏಣಿ ಹಾಕಿ ಹತ್ತಿದೆ. ನಾನು ಬಡಿದು ಅಲ್ಲಾಡಿಸಿ ಆರಿಸಿದ ಕಾಯಿಗಳಲ್ಲಿ ಮೂರು ಬಲಿಯದೆ ಕೊಳೆತು, ಒಡೆದು, ಜಾಯಿಂಟ್ ಬಾಕ್ಸಿನೊಳಕ್ಕೆ ತೊಟ್ಟು ತೊಟ್ಟಾಗಿ ಜಿನುಗುತ್ತಿದ್ದವು. ಸಿದ್ದಲಿಂಗನ ಜಾಯಿಂಟು ಅಚ್ಚುಕಟ್ಟಾಗಿತ್ತು. ಸಂದಿ ಹುಡುಕಿದೆ, ಸಿಗಲಿಲ್ಲ. ಕೆಳಗಿನಿಂದ ಗಿರಿಜೆ ‘ಏನೈತ್ರೀ ಅಲ್ಲಿ?’ ಎಂದಳು. ಆ ಹೊತ್ತಿಗೆ ನನ್ನಿಂದ ‘ಹುಂ’ ಕೂಡ ಹೊರಡಲಿಲ್ಲ. ಕೆಳಗಿಳಿದು ಮೊದಲು ಆ ಹುಡುಗನ ಉತ್ತರದ ಮೇಲೆ ಎಳೆದಿದ್ದ ಅಡ್ಡಗೆರೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ‘ನಿನ್ನ ತಲೆ’ಯನ್ನು ಅಳಿಸಲಾಗಲಿಲ್ಲ, ಶಾಯಿ ಒಳ್ಳೆಯದು.

ಸೋಮವಾರ ಹೆಡ್ಮಾಸ್ಟರ ಮುಂದೆ ನಿಂತೆ. ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋಗಿದ್ದೆ: ವಿಜ್ಞಾನದಲ್ಲಿ ದಡ್ಡನೆಂದು ಒಪ್ಪಿಕೊಳ್ಳುವುದು ಸಲೀಸು, ಕಾಯಿಯಲ್ಲಿ ದಡ್ಡನೆಂದು ಒಪ್ಪಿಕೊಂಡರೆ ಊರಿನಲ್ಲಿ ಮುಖವೆತ್ತುವ ಹಾಗಿಲ್ಲ. ಆದ್ದರಿಂದ, ‘ಸಿದ್ದಲಿಂಗನ ತಪ್ಪಿಲ್ಲ ಸಾರ್. ಬಾಕ್ಸಿಗೆ ಕಾಯಿನೀರು ಇಳಿದಿತ್ತು. ಅದರಲ್ಲಿ ಕರೆಂಟು ಹರಿಯುತ್ತೆ ಅನ್ನೋದು ಸೈನ್ಸ್ ಮೇಷ್ಟ್ರಾಗಿ ನನಗೇ ಹೊಳೀಲಿಲ್ಲ. ಕೆಲಸ ಅವನಿಗೇ ಕೊಡಿ’ ಎಂದೆ. ಹೆಡ್ಮಾಸ್ಟರು ಹಾಲ್ಕುರಿಕೆಯವರು, ಮೂರು ತೆಂಗಿನ ತೋಟದ ಒಡೆಯರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಸೈನ್ಸು ಹಾಳಾಗ್ಲಿ ಬಿಡಿ ಮೇಷ್ಟ್ರೇ. ಬಲಿಯದ ಕಾಯಿನ ಅಟ್ಟಕ್ಕೆ ಹಾಕಿದವರು ಯಾರು?’

ಗಿರಿಜೆಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಿಟಕಿಯಾಚೆ ಗೇಟಿನಲ್ಲಿ ಸೈಕಲ್ ಹಿಡಿದು ಸಿದ್ದಲಿಂಗ ನಿಂತಿದ್ದ. ‘ನಾನೇ ಸಾರ್’ ಎಂದೆ.

ಶಾಲೆಯ ಕೆಲಸ ಅವನಿಗೇ ಸಿಕ್ಕಿತು, ಚೆನ್ನಾಗಿಯೂ ಮಾಡಿದ. ಕೊಳೆತ ಕಾಯಿ ತೆಗೆದು ಬಾಕ್ಸ್ ಒರೆಸಿ ಒಣಗಿಸಿದ ಮೇಲೆ ನಮ್ಮ ಬ್ರೇಕರ್ ಬೀಳಲಿಲ್ಲ. ಅಟ್ಟದಲ್ಲಿ ಒಂದು ಮೊಳ ಜಾಗ ಈಗಲೂ ಖಾಲಿ ಇದೆ. ಮಿಕ್ಕ ಜಾಗಕ್ಕೆ ಕಾಯಿ ಆರಿಸುವುದು, ಹತ್ತಿ ಪೇರಿಸುವುದು ಎಲ್ಲ ಗಿರಿಜೆಯ ಪಾಲಿಗೆ ಹೋಯಿತು. ನಾನು ಕೆಳಗೆ ಏಣಿ ಹಿಡಿದು ನಿಲ್ಲುತ್ತೇನೆ. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಅವಳು ಮೇಲಿನಿಂದ ‘ಹುಂ’ ಎನ್ನುತ್ತಾಳೆ.